ಹಿಂದೆ ಕೂತವರ ತಾಳ

ಭೂಷಣಣ್ಣ ಡೋಲಕ್ಕಿನ ಮುಂದೆ ಕೂರುವ ಮೊದಲು ಬಲಗೈಯ ಉಂಗುರ ಬೆರಳಿಗೆ ಬಿಳಿಯ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ಅವರು ಆತುರಪಟ್ಟದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಹಳೆಯ ಪಂಚೆಯಿಂದ ಹರಿದುಕೊಂಡ ಸಣ್ಣ ಪಟ್ಟಿ. ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಐದು ಸುತ್ತು ಸುತ್ತಿ, ಉಳಿದದ್ದನ್ನು ಒಳಕ್ಕೆ ಸಿಕ್ಕಿಸಿ, ಬೆರಳನ್ನು ಎರಡು ಸಲ ಮಡಚಿ ಬಿಚ್ಚಿ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ಎಬಿನೇಜರ್ ಮೇಷ್ಟರ ಕಡೆ ನೋಡುತ್ತಿದ್ದರು. ಅಲ್ಲಿಗೆ ಇಡೀ ವಾದ್ಯವೃಂದ ಸಿದ್ಧವಾಯಿತೆಂದು ಅರ್ಥ. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕಣ್ಣಿಗೆ ಮೊದಲು ಬರುವುದು ಆ ಬಿಳಿಯ ಪಟ್ಟಿ. ಅದರ ಹಿಂದೆಯೇ ಮುಖ ಬಿಸಿಯಾಗುತ್ತದೆ.

ನಾನು ಆಗ ರ‍್ಯಾಪ್ ಹಾಡುತ್ತಿದ್ದೆ. ನಮ್ಮ ಊರಿನ ಹಿರಿಯರು ಹಿಪ್ ಹಾಪ್ ಎಂಬ ಮಾತನ್ನು ಸರಿಯಾಗಿ ಹೇಳಲು ಕಲಿಯುವ ಮೊದಲೇ ಕಿರಿಯರು ನನ್ನ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ನನ್ನವೆಲ್ಲ ಬೈಗುಳದ ಹಾಡುಗಳು. ಬಾರದ ನಲ್ಲಿ ನೀರು, ಮುಚ್ಚಿದ ಗಿರಣಿ, ನನ್ನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ ಶಾಲೆ, ಹೊಸಿಲಿನಾಚೆ ನಿಲ್ಲಿಸಿ ಮಾತನಾಡಿಸಿದ ದೊಡ್ಡ ಮನೆಗಳು, ಎಲ್ಲದರ ಮೇಲೂ ನನಗೆ ಸಿಟ್ಟಿತ್ತು. ಸಿಟ್ಟಿಗೆ ಪ್ರಾಸ ಹುಡುಕುವುದು ನನಗೆ ಕಷ್ಟವೇ ಆಗುತ್ತಿರಲಿಲ್ಲ. ಮೂವತ್ತು ತುಂಬುವ ಹೊತ್ತಿಗೆ ಆ ಸಿಟ್ಟು ಹಳತಾಗತೊಡಗಿತು. ಅದೇ ಗಟ್ಟಿ ದನಿಯಲ್ಲಿ ಅದೇ ಮಾತು ಹೇಳುತ್ತಿದ್ದೇನೆ ಎಂಬುದು ನನಗೂ ತಿಳಿಯುತ್ತಿತ್ತು, ಕೇಳುವವರಿಗೂ ತಿಳಿಯುತ್ತಿತ್ತು. ಆಗ ನನಗೊಂದು ಯೋಚನೆ ಹೊಳೆಯಿತು. ಊರಿನವರು ಕೇಳಿ ಬೆಳೆದ ಹಳೆಯ ಪ್ರೇಮಗೀತೆಗಳನ್ನು ತೆಗೆದುಕೊಳ್ಳುವುದು. ಅವಕ್ಕೆ ನಿಜವಾದ ಪಿಟೀಲು, ನಿಜವಾದ ಡೋಲಕ್ಕು ಇಟ್ಟುಕೊಂಡು, ನಡುನಡುವೆ ನನ್ನ ಮಾತುಗಳನ್ನು ಕೂರಿಸಿ, ಹೊಸದಾಗಿ ಹಾಡುವುದು.

ಊರಿನಲ್ಲಿ ಒಂದು ಹಳೆಯ ವಾದ್ಯವೃಂದವಿತ್ತು. ಹೆಸರು ‘ಇಂಚರ’. ಜನ ಅದನ್ನು ಮೇಷ್ಟರ ಆರ್ಕೆಸ್ಟ್ರಾ ಎಂದೇ ಕರೆಯುತ್ತಿದ್ದರು. ನಾಲ್ಕು ಪಿಟೀಲು, ಒಂದು ಕ್ಲಾರಿನೆಟ್, ಒಂದು ಅಕಾರ್ಡಿಯನ್, ಕೀಬೋರ್ಡು, ತಬಲ, ಡೋಲಕ್ಕು. ಇವರನ್ನೆಲ್ಲ ನಡೆಸುತ್ತಿದ್ದವರು ಎಬಿನೇಜರ್ ಮೇಷ್ಟರು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪಿಟೀಲುವಾದಕರು. ನಾನು ಅವರ ಮನೆಗೆ ಹೋಗಿ ವಿಷಯ ಹೇಳಿದಾಗ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದರು.

“ಎಲ್ಲರನ್ನೂ ಬೈತಾನಲ್ಲ, ಆ ಹುಡುಗ ನೀನೇ ತಾನೆ?”

“ಹೌದು ಸಾರ್.”

“ಇದರಲ್ಲಿ ಯಾರನ್ನ ಬೈತೀಯಪ್ಪ?”

“ಯಾರನ್ನೂ ಇಲ್ಲ ಸಾರ್. ಇವು ಪ್ರೀತಿಯ ಹಾಡು.”

“ಹಾಗಾದ್ರೆ ನಿನಗೆ ಕಷ್ಟ ಇದೆ,” ಎಂದು ನಕ್ಕರು. ಒಪ್ಪಿಕೊಂಡರು.

ಹಳೆಯ ಅಚ್ಚುಕೂಟವೊಂದರ ಮಹಡಿಯಲ್ಲಿ ಸಂಜೆ ಐದರಿಂದ ಏಳರವರೆಗೆ ನಮ್ಮ ಅಭ್ಯಾಸ ನಡೆಯುತ್ತಿತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ಹಲಗೆಯ ನೆಲ ನಡುಗುತ್ತಿತ್ತು. ಹಾಡಿನ ಮೂಲ ಭಾಗವನ್ನು ಹಾಡುತ್ತಿದ್ದವರು ಇಂದುಮತಿ. ಎಲ್ಲರಿಗೂ ಅವರು ಇಂದಕ್ಕ, ಭೂಷಣಣ್ಣನ ಹೆಂಡತಿ. ಐವತ್ತೈದರ ಆಸುಪಾಸಿನ ಹೆಂಗಸು. ಹಾಡುವಾಗ ಕೈಯಾಡಿಸುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ, ಬಸ್ಸಿಗೆ ಕಾಯುವವರಂತೆ ನೆಟ್ಟಗೆ ನಿಂತಿರುತ್ತಿದ್ದರು. ದನಿ ಮಾತ್ರ ಎಲ್ಲಿಂದಲೋ ನಡೆದುಕೊಂಡು ಬಂದು ಎದುರಿಗೆ ನಿಂತುಬಿಡುತ್ತಿತ್ತು. ಗಂಡಹೆಂಡಿರಿಬ್ಬರೂ ಇಪ್ಪತ್ತೊಂಬತ್ತು ವರ್ಷಗಳಿಂದ ಆ ವಾದ್ಯವೃಂದದಲ್ಲಿದ್ದರು. ಇಂದಕ್ಕ ಮುಂದೆ ಮೈಕಿನಲ್ಲಿ, ಭೂಷಣಣ್ಣ ಹಿಂದೆ ಡೋಲಕ್ಕಿನಲ್ಲಿ.

ಮೇಷ್ಟರು ಹೇಳಿದ ಕಷ್ಟ ಮೊದಲನೆಯ ವಾರವೇ ಎದುರಾಯಿತು. ನಾನು ಬರೆದ ಪ್ರೇಮದ ಸಾಲುಗಳೆಲ್ಲ ಶುಭಾಶಯ ಪತ್ರದ ಮೇಲೆ ಅಚ್ಚಾದ ಮಾತಿನ ಹಾಗಿದ್ದವು. ನಾನು ಯಾರಿಗಾಗಿಯೂ ಒಂದು ಬಾಗಿಲ ಮುಂದೆ ಕಾದು ನಿಂತವನಲ್ಲ. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ವೇಗದಿಂದ ಮುಚ್ಚಲು ಹೋಗಿ ಉಸಿರು ಕಟ್ಟುತ್ತಿತ್ತು. ಒಂದು ಸಂಜೆ ಎಲ್ಲರೂ ಚಹಾಕ್ಕೆಂದು ಕೆಳಗಿಳಿದು ಹೋದರು, ಭೂಷಣಣ್ಣನೂ ಹೋದರು. ಮಹಡಿಯಲ್ಲಿ ಉಳಿದವರು ಇಂದಕ್ಕ ಮತ್ತು ನಾನು.

“ನೀನು ಸಾಲು ಮುಗಿದ ಮೇಲೆ ಉಸಿರು ತಗೋತೀಯ. ಎಲ್ಲರಿಗೂ ಕೇಳ್ಸುತ್ತೆ,” ಎಂದರು ಅವರು. “ಪದದ ಒಳಗೇ ತಗೋ, ಮರಿ. ಯಾರಿಗೂ ಗೊತ್ತಾಗದ ಹಾಗೆ.”

“ಬರ್ತಿಲ್ಲ ಅಕ್ಕ.”

“ಹೇಳೋ ವಿಷಯ ಒಳಗಿದ್ರೆ ಉಸಿರು ತಾನೇ ಜಾಗ ಹುಡುಕ್ಕೊಳ್ಳುತ್ತೆ.”

“ನೀವು ಹಾಡುವಾಗ ಒಳಗೆ ಯಾರಿರ್ತಾರೆ?” ಎಂದೆ. ತಮಾಷೆಗೆಂದೇ ಕೇಳಿದ್ದು. ಅವರು ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೆಳಗೆ ಬೀದಿಯನ್ನು ಒಮ್ಮೆ ನೋಡಿ ಬಂದು ಕುರ್ಚಿಯ ಮೇಲೆ ಕೂತರು.

“ಮಧುಕರ್ ಅಂತ ಇದ್ರು. ಹನ್ನೊಂದು ವರ್ಷ ನನ್ನ ಜೊತೆ ಹಾಡಿದ್ರು. ಇಬ್ಬರಿಗೂ ಒಂದೇ ಮೈಕು, ಹಾಡಿನ ಪುಸ್ತಕ ಇಡೋಕೆ ಒಂದೇ ಸ್ಟ್ಯಾಂಡು. ಮೊದಲನೇ ವರ್ಷ ಒಂದು ದಿನ ನನಗೆ ಗಂಟಲು ಕಟ್ಟಿತ್ತು. ವೇದಿಕೆ ಹತ್ತಿ ನೋಡ್ತೀನಿ, ಸ್ಟ್ಯಾಂಡಿನ ಅಂಚಲ್ಲಿ ಒಂದು ಮಡಚಿದ ಕಾಗದ. ಬಿಚ್ಚಿದ್ರೆ ಎರಡು ಲವಂಗ. ಬಾಯಿಗೆ ಹಾಕ್ಕೊಂಡು ಅವರ ಕಡೆ ನೋಡಿದೆ. ಅವರು ನಕ್ಕರು. ಅಷ್ಟೇ. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಇರ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ನಾವಿಬ್ಬರೂ ಅದರ ವಿಷಯ ಒಂದು ಮಾತು ಆಡ್ಲಿಲ್ಲ. ಅವರಿಗೂ ಸಂಸಾರ ಇತ್ತು, ನನಗೂ ಇತ್ತು. ಮಾತಾಡಿದ್ರೆ ಅದು ಏನೋ ಆಗಿಬಿಡ್ತಿತ್ತು. ಆಡದೆ ಇದ್ದಿದ್ದಕ್ಕೆ ಅದು ಲವಂಗವಾಗೇ ಇತ್ತು.”

“ಆಮೇಲೆ?”

“ಆಮೇಲೆ ಅವರು ಬೇರೆ ಊರಿಗೆ ಹೊರಟುಹೋದ್ರು. ಈಗ ಅವರು ಬದುಕಿಲ್ಲ. ಅವರು ಊರು ಬಿಟ್ಟ ಮೇಲೆ ನಮ್ಮ ಮುಂದಿನ ಕಾರ್ಯಕ್ರಮ ಆಗಿದ್ದು ಮೂರು ತಿಂಗಳ ಮೇಲೆ. ಸ್ಟ್ಯಾಂಡು ಖಾಲಿ ಇತ್ತು.” ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಆ ಖಾಲಿ ಸ್ಟ್ಯಾಂಡು ನೋಡ್ತಾ ಅವತ್ತು ಹಾಡಿದೆ ನೋಡು, ಉಸಿರು ಎಲ್ಲಿ ತಗೊಂಡೆ ಅಂತ ನನಗೇ ಗೊತ್ತಾಗ್ಲಿಲ್ಲ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವರು ಎದ್ದು ನಿಂತು ದನಿ ತಗ್ಗಿಸಿ ಹೇಳಿದರು. “ಇದು ನಿನ್ನ ಹಾಡಿಗಲ್ಲ, ತಿಳೀತಾ? ನಿನ್ನ ಉಸಿರಿಗೆ.”

“ಆಯ್ತಕ್ಕ,” ಎಂದೆ.

ಆ ರಾತ್ರಿ ಬರೆದೆ. ಒಂದು ಚಿತ್ತೂ ಕಾಟೂ ಇಲ್ಲದೆ ಬಂತು. ಅವರು ಹೇಳಿದ್ದೇನೋ ಅದರಲ್ಲಿತ್ತು. ಅವರು ಹೇಳದೆ ಬಿಟ್ಟ ಒಂದು ಮಾತನ್ನು ನಾನೇ ಸೇರಿಸಿದೆ. ಹಾಡಿಗೆ ಒಂದು ಪೆಟ್ಟು ಬೇಕಿತ್ತು. ಅದು ಇಲ್ಲದೆ ಜನ ಕೂಗುವುದಿಲ್ಲ ಎಂಬುದು ನನ್ನ ಕಸುಬು ನನಗೆ ಕಲಿಸಿದ ಪಾಠ. ಹಿಂದೆ ಕೂತು ಏನೂ ಅರಿಯದೆ ತಾಳ ಹಾಕುವ ಗಂಡನನ್ನು ಕೊನೆಯ ಎರಡು ಸಾಲಿನಲ್ಲಿ ತಂದಿಟ್ಟೆ.

ಕಾರ್ಯಕ್ರಮ ಪುರಭವನದಲ್ಲಿ, ಒಂದು ಭಾನುವಾರದ ಸಂಜೆ. ಮುಂದಿನ ಸಾಲುಗಳಲ್ಲಿ ಹಳೆಯ ಹಾಡಿನ ಹಿರಿಯರು, ಹಿಂದೆ ನನ್ನ ಹುಡುಗರು. ಮೊದಲ ಮೂರು ಹಾಡು ಚೆನ್ನಾಗಿಯೇ ಹೋದವು. ನಾಲ್ಕನೆಯದು ಆ ಯುಗಳಗೀತೆ. ಹಿಂದೆ ಇಂದಕ್ಕ ಮತ್ತು ಮಧುಕರ್ ಹಾಡುತ್ತಿದ್ದದ್ದು. ಗಂಡು ದನಿಯ ಜಾಗದಲ್ಲಿ ಈಗ ನನ್ನ ಮಾತು. ಇಂದಕ್ಕ ಪಲ್ಲವಿ ಹಾಡಿ ನಿಲ್ಲಿಸಿದರು. ಪಿಟೀಲುಗಳು ಒಂದೇ ಸ್ವರವನ್ನು ಹಿಡಿದು ನಿಂತವು. ಡೋಲಕ್ಕು ಮೆಲ್ಲಗೆ ನಡೆಯತೊಡಗಿತು. ನಾನು ಮೈಕಿನ ಹತ್ತಿರ ಬಂದೆ.

ಎರಡು ಲವಂಗ, ಮಡಚಿದ ಕಾಗದ,
ಹನ್ನೊಂದು ವರುಷ ಯಾರೂ ಓದದ.
ಒಂದೇ ಮೈಕು, ಎರಡು ಉಸಿರು,
ಇಟ್ಟವರಿಲ್ಲ ಅದಕೊಂದು ಹೆಸರು.
ಹಿಂದೆ ಕೂತವ ತಾಳ ಹಾಕಿದ,
ಮುಂದೆ ನಡೆದದ್ದು ಕಾಣದೆ ಹೋದ.

ಎರಡನೆಯ ಸಾಲಿಗೇ ಇಂದಕ್ಕ ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು. ಐದನೆಯ ಸಾಲಿಗೆ ಅವರು ಮುಖ ತಿರುಗಿಸಿ ಸಭೆಯನ್ನು ನೋಡತೊಡಗಿದರು. ಹಿಂದಕ್ಕೆ ಮಾತ್ರ ತಿರುಗಲಿಲ್ಲ. ಕೊನೆಯ ಸಾಲಿಗೆ ಹುಡುಗರು ಶಿಳ್ಳೆ ಹೊಡೆದರು. ಹಿರಿಯರೂ ನಕ್ಕರು. ನನ್ನ ಮಾತು ಮುಗಿದ ಕೂಡಲೇ ಇಂದಕ್ಕ ಚರಣ ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ತಾಳ ಒಂದು ಸುತ್ತು ಬಂತು. ಅವರ ಬಾಯಿ ತೆರೆಯಲಿಲ್ಲ.

ಆಗ ನಾನು ಹಿಂದಕ್ಕೆ ನೋಡಿದೆ. ದೀಪದ ಕೆಳಗೆ ಆ ಬಿಳಿಯ ಪಟ್ಟಿಯ ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಒಂದು ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಭೂಷಣಣ್ಣ ಮೇಷ್ಟರ ಕಡೆ ನೋಡಿ ತಲೆಯಾಡಿಸಿ, ಮೊದಲೇ ಮಾತಾಡಿಕೊಂಡಿದ್ದರು ಎಂಬಂತೆ, ಡೋಲಕ್ಕಿನ ಮೇಲೆ ಬೆರಳುಗಳ ಒಂದು ಸಣ್ಣ ಉರುಳಿಕೆಯನ್ನು ಎತ್ತಿಕೊಂಡರು. ಎರಡನೆಯ ಸುತ್ತು ಪೂರ್ತಿ ಅವರೊಬ್ಬರೇ ನುಡಿಸಿದರು. ಸಭೆ ಅದಕ್ಕೂ ಚಪ್ಪಾಳೆ ತಟ್ಟಿತು. ಮೂರನೆಯ ಸುತ್ತು ಶುರುವಾಗುವಾಗ ಅವರು ಡೋಲಕ್ಕಿನ ಎಡ ಮೈಯನ್ನು ಅಂಗೈಯಿಂದ ಒತ್ತಿ ಒಂದು ತಗ್ಗು ದನಿ ತೆಗೆದರು. ಹೆಂಡತಿಯ ಹೆಸರು ಹಿಡಿದು ಕರೆದ ಹಾಗಿತ್ತು. ಇಂದಕ್ಕ ಹಾಡಿದರು.

ಒಳಗಿನ ಕೋಣೆಯಲ್ಲಿ ಜನ ನನ್ನನ್ನು ಅಪ್ಪಿಕೊಳ್ಳುತ್ತಿದ್ದರು. ಇಂದಕ್ಕ ಆಗಲೇ ಹೊರಟುಹೋಗಿದ್ದರು. ಭೂಷಣಣ್ಣ ಮೂಲೆಯಲ್ಲಿ ಕೂತು ಬೆರಳಿನ ಪಟ್ಟಿ ಬಿಚ್ಚುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಅವರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೇಳಿದರು.

“ಎರಡನೇ ಸಾಲಿಂದ ನೀನು ಓಡಿದೆ. ಹೆದರಿಕೆ ಇದ್ದಾಗ ಲಯ ಓಡುತ್ತೆ.”

ಅಷ್ಟನ್ನೇ ಹೇಳಿ ಡೋಲಕ್ಕನ್ನು ಗವಸಿಗೆ ತುಂಬಿಕೊಂಡು ಹೋದರು.

ಅವರು ಹೇಳಿದ್ದು ನಿಜ. ನನಗೆ ಹೆದರಿಕೆಯಿತ್ತು. ಆ ಹೆದರಿಕೆಯ ವಿಷಯವನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಮರುದಿನ ಎಬಿನೇಜರ್ ಮೇಷ್ಟರು ನನ್ನ ಕೋಣೆಗೆ ಬಂದರು. ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಕೇಳಿದರು.

“ಅಭ್ಯಾಸದಲ್ಲಿ ಆ ಜಾಗಕ್ಕೆ ಬೇರೆ ಸಾಲು ಹೇಳ್ತಿದ್ದೆ, ಅಲ್ವಾ?”

ಹೌದು, ಬೇರೆಯದನ್ನೇ ಹೇಳುತ್ತಿದ್ದೆ. ಹತ್ತು ದಿನ ಆ ಜಾಗದಲ್ಲಿ ಚಂದ್ರ, ಮಲ್ಲಿಗೆ ಎಂದೇನೋ ಹೇಳಿ, ನಿಜವಾದ ಸಾಲುಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಆ ಕ್ಷಣದ ಆವೇಶದಲ್ಲಿ ಬಾಯಿಗೆ ಬಂತು ಎಂದು ಹೇಳಿಕೊಳ್ಳುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ಅಭ್ಯಾಸದಲ್ಲೇ ಹೇಳಿದರೆ ಇಂದಕ್ಕ ತಡೆಯುತ್ತಾರೆ ಎಂದು ಗೊತ್ತಿದ್ದೇ ಬಚ್ಚಿಟ್ಟಿದ್ದೆ. ಮೇಷ್ಟರು ಉತ್ತರಕ್ಕೆ ಕಾಯಲಿಲ್ಲ. “ಇಂದುಮತಿ, ಭೂಷಣ ಇಬ್ಬರೂ ಇನ್ನು ಬರಲ್ಲವಂತೆ. ನಾನೂ ಬರಲ್ಲಪ್ಪ,” ಎಂದು ಹೇಳಿ ಮೆಟ್ಟಿಲಿಳಿದರು.

ಇಷ್ಟಾದ ಮೇಲಾದರೂ ನಾನು ನಿಲ್ಲಿಸಬಹುದಿತ್ತು. ಆದರೆ ಆ ಹಾಡಿನ ಧ್ವನಿಮುದ್ರಣ ಒಂದೇ ವಾರದಲ್ಲಿ ಊರೂರು ಸುತ್ತಿತ್ತು. ಆಟೋಗಳಲ್ಲಿ, ಬೇಕರಿಗಳಲ್ಲಿ, ಬಸ್ಸುಗಳಲ್ಲಿ ಅದೇ. ಬೈಯುವುದಷ್ಟೇ ಗೊತ್ತಿದ್ದವನಿಗೆ ಪ್ರೀತಿಯೂ ಗೊತ್ತು ಎಂದು ಜನ ಬರೆದರು. ಬೇರೆ ಎರಡು ಊರುಗಳಿಂದ ಕರೆ ಬಂತು. ಬೇರೆ ಹಾಡುಗಾರ್ತಿ, ಬೇರೆ ಡೋಲಕ್ಕಿನವನನ್ನು ಇಟ್ಟುಕೊಂಡು ಹೋದೆ. ಎರಡೂ ಕಡೆ ಆ ಆರು ಸಾಲು ಹೇಳಿದೆ. ಎರಡೂ ಕಡೆ ಕೊನೆಯ ಸಾಲಿಗೆ ನಗು ಬಂತು. ನಾನು ಆ ನಗುವಿಗೆ ತಕ್ಕಷ್ಟು ಜಾಗ ಬಿಟ್ಟು ನಿಲ್ಲುವುದನ್ನೂ ಕಲಿತೆ. ಇಂದಕ್ಕನ ಮನೆಯ ಬೀದಿಯನ್ನು ಮಾತ್ರ ಬಳಸಿಕೊಂಡು ಹೋಗುತ್ತಿದ್ದೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಕ್ಷೌರಕ್ಕೆ ಹೋದೆ. ಅಂಗಡಿಯವನು ನನ್ನನ್ನು ಕಂಡದ್ದೇ ತಡ, “ಬನ್ನಿ ಸಾರ್, ಬನ್ನಿ! ಎಂಥಾ ಯೋಗ ನೋಡಿ,” ಎಂದು ಮೊದಲು ಹೋಗಿ ಹಾಡು ಹಾಕಿ ದನಿ ಏರಿಸಿದ. ಆಮೇಲೆ ಅರ್ಧಕ್ಕೆ ಬಿಟ್ಟಿದ್ದ ಗಿರಾಕಿಯ ಹತ್ತಿರ ಹೋದ. ಕುರ್ಚಿಯಲ್ಲಿ ಕುತ್ತಿಗೆಯವರೆಗೆ ಬಿಳಿಯ ಬಟ್ಟೆ ಹೊದ್ದು, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದವರು ಭೂಷಣಣ್ಣ. ಕನ್ನಡಿಯಲ್ಲಿ ನಮ್ಮ ಕಣ್ಣುಗಳು ಕೂಡಿದವು. ನಾನು ಹಿಂತಿರುಗಿ ಹೋಗಲಾರದೆ ಬೆಂಚಿನ ಮೇಲೆ ಕೂತೆ.

ನನ್ನ ದನಿ ಆ ಸಣ್ಣ ಅಂಗಡಿಯ ತುಂಬ ಲವಂಗ, ಕಾಗದ ಎಂದು ಹೇಳಿಕೊಂಡು ಬಂತು. ಕ್ಷೌರಿಕ ಕತ್ತಿ ಹಿಡಿದ ಕೈ ನಿಲ್ಲಿಸಿ ಕಾದ. ಕೊನೆಯ ಸಾಲು ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ.

“ಈ ಹಿಂದೆ ಕೂತವನ ಮಾತು ಬಂದಾಗ ನಂಗೆ ನಗು ತಡೆಯಕ್ಕೇ ಆಗಲ್ಲ ಸಾರ್. ಎಂಥಾ ಪೆದ್ದ ಇರ್ಬೇಕು ಅವನು! ಅಲ್ವಾ ಯಜಮಾನ್ರೇ?”

ಬಿಳಿಯ ಬಟ್ಟೆಯ ಅಡಿಯಲ್ಲಿ, ಭೂಷಣಣ್ಣನ ಬಲಗೈ ಇದ್ದ ಕಡೆ, ತಾಳ ಹಾಕುತ್ತಿದ್ದ ಒಂದು ಸಣ್ಣ ಉಬ್ಬು ಏಳುತ್ತ ಬೀಳುತ್ತ ಇತ್ತು. ಅದು ನಿಂತಿತು.

“ಗದ್ದದ ಕೆಳಗೆ ಸ್ವಲ್ಪ ಉಳಿದಿದೆ, ನೋಡಪ್ಪ,” ಎಂದರು ಅವರು.

ನಾನು ಕ್ಷೌರ ಮಾಡಿಸಿಕೊಳ್ಳದೆ ಅವರ ಹಿಂದೆಯೇ ಹೊರಬಿದ್ದೆ. ಸ್ವಲ್ಪ ದೂರ ಹಿಂದೆ ಹಿಂದೆ ನಡೆದೆ. ಅಂಚೆ ಕಚೇರಿಯ ಎದುರಿನ ಕಲ್ಲುಬೆಂಚಿನ ಹತ್ತಿರ ಅವರೇ ನಿಂತು, “ಬಾ, ಕೂತ್ಕೋ. ಹೀಗೆ ಎಷ್ಟು ದೂರ ಬರ್ತೀಯ?” ಎಂದರು.

“ಭೂಷಣಣ್ಣ, ನನ್ನಿಂದ ತಪ್ಪಾಯ್ತು.”

“ಹೂಂ.”

“ಇಂದಕ್ಕ ಅದನ್ನ ಹಾಡಿಗೆ ಹಾಕಬೇಡ ಅಂದಿದ್ರು. ಕೊನೇ ಎರಡು ಸಾಲು ಅವರು ಹೇಳಿದ್ದೇ ಅಲ್ಲ. ಅದು ನಾನೇ ಹಾಕಿದ್ದು.”

“ಅದು ಗೊತ್ತು. ಅವಳು ಹಾಗೆ ಮಾತಾಡೋಳಲ್ಲ.” ಅವರು ಹೊಸದಾಗಿ ಬೋಳಿಸಿದ ಗದ್ದವನ್ನು ಸವರಿಕೊಂಡರು. ಅಂಚೆಯವನೊಬ್ಬ ಸೈಕಲ್ಲು ತಳ್ಳಿಕೊಂಡು ನಮ್ಮ ಮುಂದೆ ಹಾದುಹೋದ. “ಆ ಲವಂಗ ಇಡ್ತಿದ್ದೋನು ನಾನು,” ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಸಾಮಾನು ವ್ಯಾನಲ್ಲಿ ನಾನು ಮೊದಲೇ ಹೋಗ್ತಿದ್ದೆ. ಮೈಕು ಕಟ್ಟೋದು, ಸ್ಟ್ಯಾಂಡು ನಿಲ್ಸೋದು ಎಲ್ಲ ನನ್ನ ಕೆಲಸ. ಹಾಡೋರು ಆಮೇಲೆ ಬರೋರು. ಒಂದು ಸಲ ಅವಳಿಗೆ ಗಂಟಲು ಕಟ್ಟಿತ್ತು. ಅಡುಗೆಮನೆ ಡಬ್ಬಿಯಿಂದ ಎರಡು ಲವಂಗ ತಗೊಂಡು ಹೋಗಿ ಸ್ಟ್ಯಾಂಡಲ್ಲಿಟ್ಟೆ. ಚೆನ್ನಾಗಿ ಹಾಡಿದ್ಲು. ಆಮೇಲೆ ಅದೇ ಅಭ್ಯಾಸ ಆಯ್ತು.”

“ಅಕ್ಕನಿಗೆ ಹೇಳ್ಲೇ ಇಲ್ವಾ ನೀವು?”

“ಹೇಳೋಕೆ ಅದರಲ್ಲೇನಿದೆ? ನಮ್ಮನೆ ಡಬ್ಬಿ ಲವಂಗ. ಅವಳಿಗೆ ಗೊತ್ತು ಅಂತ್ಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ.”

“ಮತ್ತೆ ನಿಲ್ಸಿದ್ದು ಯಾಕೆ? ಸರಿಯಾಗಿ ಮಧುಕರ್ ಹೋದ ಮೇಲೆ?”

“ಆ ಮೂರು ತಿಂಗಳು ಅವಳು ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಹೊಟ್ಟೇಲಿ ಉರಿ ಬಂತು. ಡಾಕ್ಟ್ರು ಖಾರ, ಮಸಾಲೆ ಏನೂ ಕೊಡಬೇಡಿ ಅಂದ್ರು. ಅದಕ್ಕೆ ನಿಲ್ಸಿದೆ.” ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. ಉಂಗುರ ಬೆರಳಿನ ಮೇಲೆ ವರ್ಷಗಟ್ಟಲೆ ಸುತ್ತಿದ ಪಟ್ಟಿಯ ಬಿಳಿಚಿದ ಗುರುತು ಇನ್ನೂ ಇತ್ತು. “ಯಾಕೆ ಊಟ ಬಿಟ್ಟಿದ್ಲು ಅಂತ ನಿನ್ನ ಹಾಡು ಕೇಳಿದ ಮೇಲೆ ಗೊತ್ತಾಯ್ತು.”

“ನಾನು ಈಗಲೇ ಹೋಗಿ ಅಕ್ಕನಿಗೆ ಹೇಳ್ತೀನಿ,” ಎಂದು ಎದ್ದೆ.

ಅವರು ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಅವರಿಗೆ ಎಷ್ಟು ಸಿಟ್ಟು ಬಂದಿರಬಹುದೆಂದು ಆ ಹಿಡಿತದ ಬಲದಿಂದಲೇ ನನಗೆ ಮೊದಲ ಸಲ ಹೊಳೆದದ್ದು.

“ಬಾಯಿ ಮುಚ್ಕೊಂಡಿರು. ಒಂದು ಸಲ ಬಾಯಿ ಬಿಟ್ಟಿದ್ದು ಸಾಕು. ಆ ಮನುಷ್ಯ ಇಟ್ಟಿದ್ದು ಅಂತ ನಂಬ್ಕೊಂಡು ಇಷ್ಟು ವರ್ಷ ಹಾಡಿದಾಳೆ. ಈಗ ಅದು ಅಲ್ಲ ಅಂದ್ರೆ ಅವಳ ಹತ್ರ ಏನು ಉಳಿಯುತ್ತೆ ಹೇಳು.”

“ನಿಮ್ಮ ಹತ್ರ?”

“ನಂಗೇನು? ಅವಳ ಗಂಟಲಿಗೆ ತಾನೇ ಇಟ್ಟಿದ್ದು. ಗಂಟಲಿಗೆ ಆಯ್ತು.”

ಅವರು ಎದ್ದು ಹೋದರು. ನಾನು ಹೊರಟೆ. ಆಮೇಲೆ ನಡೆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ನನ್ನ ತಲೆಯೊಳಗೆ ಎರಡು ಸಾಲು ಸಿದ್ಧವಾಗಿದ್ದವು, ಪ್ರಾಸಸಮೇತ. ಮನೆ ಮುಟ್ಟುವಷ್ಟರಲ್ಲಿ ಎಂಟಾಗಿದ್ದವು. ಚಪ್ಪಲಿ ಬಿಡದೆ ಕೂತು ಬರೆದೆ. ಓದಿಕೊಂಡೆ. ನಾನು ಅದುವರೆಗೆ ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದಾಗಿತ್ತು. ಸಂತೋಷವಾಯಿತು. ಮತ್ತೊಂದು ಸಲ ಓದಿಕೊಂಡೆ. ಆಗ, ಆ ಸಂತೋಷದ ನಡುವೆ, ನನ್ನ ಮಣಿಕಟ್ಟಿನ ಮೇಲೆ ಇನ್ನೂ ಕೆಂಪಗಿದ್ದ ಐದು ಬೆರಳಿನ ಗುರುತು ಕಣ್ಣಿಗೆ ಬಿತ್ತು. ಪುರಭವನದಲ್ಲಿ ಹೇಳಿದ ಸಾಲಿಗೆ ನಾನು ಪಟ್ಟ ನಾಚಿಕೆ ದೊಡ್ಡದು. ಈ ಎಂಟು ಸಾಲಿಗೆ ಪಟ್ಟದ್ದು ಅದಕ್ಕಿಂತ ದೊಡ್ಡದು. ಮೊದಲನೆಯದು ನಾನು ಮಾಡಿದ ತಪ್ಪು. ಎರಡನೆಯದರಲ್ಲಿ ನಾನು ಎಂಥವನೆಂಬುದು ಕಂಡಿತು.

ಆ ಹಾಳೆಯನ್ನು ಹರಿದು ಹಾಕಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹರಿಯಲಿಲ್ಲ. ಬಹಳ ವರ್ಷ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ. ಆದರೆ ಅದನ್ನು ಎಲ್ಲಿಯೂ ಹಾಡಲಿಲ್ಲ, ಹಳೆಯ ಆರು ಸಾಲನ್ನೂ ಮತ್ತೆ ಹಾಡಲಿಲ್ಲ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಬಿಟ್ಟೆ. ಊರೂರು ಸುತ್ತುತ್ತಿದ್ದ ನನ್ನ ದನಿಯನ್ನು ವಾಪಸು ಕರೆಯುವುದು ಮಾತ್ರ ನನ್ನ ಕೈಲಿರಲಿಲ್ಲ.

ಮಾರನೆಯ ದಿನ ಇಂದಕ್ಕನ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ವಾದ್ಯವೃಂದ ಬಿಟ್ಟ ಮೇಲೆ ಅವರು ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಿದ್ದರು. ನಡುಮನೆಯ ನೆಲದ ಮೇಲೆ ಯಾರದೋ ನೇರಳೆ ಬಣ್ಣದ ರೇಷ್ಮೆ ಸೀರೆ ಉದ್ದಕ್ಕೂ ಹರಡಿತ್ತು. ಒಂದು ತುದಿಯಲ್ಲಿ ಅವರು ಕೂತು ಹೊಲಿಯುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

“ಸೀರೆ ತುಳೀಬೇಡ. ಆ ಕಡೆಯಿಂದ ಬಂದು ಕೂತ್ಕೋ,” ಎಂದರು.

ನಾನು ಗೋಡೆಗೊರಗಿ ಕೂತು, ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಮರೆತು, “ಕ್ಷಮಿಸಿ ಅಕ್ಕ,” ಎಂದಷ್ಟೇ ಹೇಳಿದೆ.

ಅವರು ನಾಲ್ಕೈದು ಹೊಲಿಗೆ ಹಾಕಿದರು.

“ನನ್ನ ಹೆಸರು ಹೇಳಿ ಹಾಡಿದ್ರೆ ಎಷ್ಟೋ ವಾಸಿಯಿತ್ತು ಮರಿ. ಬೀದೀಲಿ ನಿಂತು ನಿನ್ನ ಜೊತೆ ಜಗಳ ಆಡ್ತಿದ್ದೆ. ನೀನು ಹೆಸರು ಹೇಳ್ಲಿಲ್ಲ. ಅಷ್ಟು ದೊಡ್ಡ ಸಭೇಲಿ ಅವರೊಬ್ಬರಿಗೆ ಮಾತ್ರ ಗೊತ್ತಾಗೋ ಹಾಗೆ ಹೇಳ್ದೆ. ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ?”

ಅವರಿಬ್ಬರೂ ತೀರಿಕೊಂಡು ವರ್ಷಗಳಾದ ಮೇಲೆ, ಈ ಸಲವಾದರೂ ಹೆಸರು ಹೇಳಿಯೇ ಬರೆಯುತ್ತಿದ್ದೇನೆ. ನನ್ನಿಂದಾದದ್ದು ಇಷ್ಟೇ.

“ಅವರು ನಿನ್ನ ಹತ್ರ ಏನಾದ್ರೂ ಮಾತಾಡಿದ್ರಾ?” ಎಂದು ಕೇಳಿದರು.

“ಲಯ ಓಡ್ತು ಅಂದ್ರು.”

“ಅಷ್ಟೇನಾ?”

“ಅಷ್ಟೇ ಅಕ್ಕ.”

“ನನ್ನ ಹತ್ರ ಅದನ್ನೂ ಹೇಳ್ಲಿಲ್ಲ.” ದಾರ ಮುಗಿದಿತ್ತು. ಅವರು ಗಂಟು ಹಾಕಿ ಹಲ್ಲಿನಿಂದ ಕಡಿದರು. ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. “ಹನ್ನೊಂದು ವರ್ಷದಲ್ಲಿ ಮಧುಕರ್ ಅವರನ್ನ ನಾನು ಒಂದು ಸಲವೂ ಕೇಳ್ಲಿಲ್ಲ, ಇದು ನೀವೇ ಇಡೋದಾ ಅಂತ. ಯಾಕೆ ಗೊತ್ತಾ? ಕೇಳಿದ್ರೆ, ಅಲ್ಲ ಅಂದುಬಿಡ್ತಾರೇನೋ ಅಂತ ಭಯ.”

ನಾನು ನೆಲ ನೋಡಿದೆ. ಮುಖದಲ್ಲಿ ಏನು ಕಾಣಿಸಿತೋ ತಿಳಿಯದು. ತಲೆಯೆತ್ತಿದಾಗ ಇಂದಕ್ಕ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ನಿಧಾನವಾಗಿ ದೊಡ್ಡದಾಯಿತು. ತುಟಿ ಏನನ್ನೋ ಕೇಳಲು ತೆರೆಯಿತು.

“ನಿನಗೇನೋ ಗೊತ್ತಿದೆ,” ಎಂದರು. ಮರುಗಳಿಗೆಯೇ ಕೈಯೆತ್ತಿ ತಡೆದರು. “ಬೇಡ. ಹೇಳ್ಬೇಡ.”

ಹೊರಗೆ ಗೇಟಿನ ಸದ್ದಾಯಿತು. ಭೂಷಣಣ್ಣ ತರಕಾರಿಯ ಚೀಲ ಹಿಡಿದು ಒಳಗೆ ಬಂದರು. ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ನಾನು ಎದ್ದು, ಸೀರೆಯನ್ನು ಬಳಸಿಕೊಂಡು, ಬಾಗಿಲಿಗೆ ಬಂದೆ. ಜಗಲಿಯಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ತೆರೆದ ಬಾಗಿಲೊಳಗೆ ಅವರಿಬ್ಬರೂ ಕಾಣುತ್ತಿದ್ದರು.

“ಮುಗೀತಾ?” ಎಂದು ಭೂಷಣಣ್ಣ ಕೇಳಿದರು.

“ಮುಗೀತು.”

ಅವರು ಚೀಲವನ್ನು ಗೋಡೆಗೆ ಒರಗಿಸಿಟ್ಟು, ಬಗ್ಗಿ ಸೀರೆಯ ಆಚೆಯ ತುದಿಯನ್ನು ಎತ್ತಿಕೊಂಡರು. ಇಂದಕ್ಕ ಈಚೆಯ ತುದಿ ಹಿಡಿದು ಎದ್ದು ನಿಂತರು. ನಡುವೆ ಇಡೀ ಕೋಣೆಯ ಉದ್ದಕ್ಕೂ ನೇರಳೆ ಬಣ್ಣ ಬಿಗಿಯಾಗಿ ನಿಂತಿತು. ಇಬ್ಬರೂ ಒಂದು ಸಲ ಕೊಡವಿದರು. ಆಮೇಲೆ ಭೂಷಣಣ್ಣ ನಡೆದು ಬಂದು ತಮ್ಮ ತುದಿಯನ್ನು ಇಂದಕ್ಕನ ಕೈಗಿಟ್ಟರು, ಬಗ್ಗಿ ಮಡಿಕೆಯನ್ನು ಹಿಡಿದು ಮತ್ತೆ ಹಿಂದೆ ಸರಿದರು, ಮತ್ತೆ ಹತ್ತಿರ ಬಂದರು. ಪ್ರತಿ ಸಲವೂ ನಡುವಿನ ಬಟ್ಟೆ ಅರ್ಧವಾಗುತ್ತಿತ್ತು. ಅವರು ಬರಬೇಕಾದ ಹೆಜ್ಜೆಗಳೂ ಕಡಿಮೆಯಾಗುತ್ತಿದ್ದವು.